ಬೇವಿನ ನೀರಲ್ಲಿ ಬೆಂದ ಟೊಪ್ಪಿಗೆ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆರೆದೆ. ಮೊದಲು ಬಂದದ್ದು ಒಣಗಿದ ಬೇವಿನೆಲೆಯ ಕಹಿ ವಾಸನೆ. ಎಲೆಗಳು ಮುಟ್ಟಿದೊಡನೆ ಪುಡಿಯಾದವು. ಅವುಗಳ ಅಡಿಯಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ, ಹಸುಗೂಸಿನ ತಲೆಗಾಗುವಷ್ಟು ಸಣ್ಣದೊಂದು ಉಣ್ಣೆ ಟೊಪ್ಪಿಗೆ. ಅಡಿಕೆ ಹಾಳೆಯ ಟೊಪ್ಪಿಯಷ್ಟು ಬಿರುಸು. ಮೈಮೇಲಿನ ಜಡೆ ಹೆಣಿಗೆ ಇನ್ನೂ ಕಾಣುತ್ತಿತ್ತು, ಒಂದಕ್ಕೊಂದು ಅಂಟಿಕೊಂಡು...

ಅದನ್ನು ಹೆಣೆದದ್ದು ನಾನು. ಹೆಣೆದದ್ದು ಕೂಸಿಗಲ್ಲ, ಆರಡಿ ಎತ್ತರದ ಸಿಪಾಯಿಗೆ.

ಅರವತ್ತೆರಡರ ಚಳಿಗಾಲ. ಶಿರಸಿಯಲ್ಲಿ ನಾನು ಒಂಬತ್ತನೇ ಇಯತ್ತೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ನಾಲ್ಕನ್ನು ದಾಟಿರಲಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ. ಏಳು ಮುಗಿದಾಗ ಅಪ್ಪ ಸಾಕೆಂದಿದ್ದ. ಆಗ ನಮ್ಮ ಕಟ್ಟೆಯ ಮೇಲೆ ಬಂದು ಕೂತವರು ಸಾಲೆಯಲ್ಲಿ ಹೊಲಿಗೆ ಕಲಿಸುವ ಅಕ್ಕೋರು, ಕುಮಟೆ ಕಡೆಯವರು.

"ಹೆಣ್ಣುಡುಗಿ ಓದಿ ಏನ್ ಮಾಡೂದೈತ್ರಿ ಅಕ್ಕೋರ?" ಎಂದ ಅಪ್ಪ.

"ಬಿ.ಎ. ಮಾಡೂದು. ಆಮೇಲೆ ಎಂತ ಮಾಡೂದು ಅಂತ ಅವಳೇ ನಿಮಗೆ ಹೇಳ್ತಾಳೆ," ಎಂದು ಚಹಾ ಮುಗಿಸಿ ಎದ್ದರು. ಆ ಜೂನಿನಲ್ಲಿ ಅಪ್ಪನೇ ಬಂದು ಎಂಟನೆಯದಕ್ಕೆ ನನ್ನ ಹೆಸರು ಹಚ್ಚಿಸಿದ.

ಅಕ್ಕೋರಿಗೆ ತಂದೆ ತಾಯಿ ಇರಲಿಲ್ಲ. ಇದ್ದವನು ಒಬ್ಬ ತಮ್ಮ, ಪಲ್ಟಣದಲ್ಲಿ, ಹಿಮದ ಗಡಿಯಲ್ಲಿ. ಚೀನಾದ ಲಡಾಯಿ ನಿಂತಿತೆಂದು ರೇಡಿಯೋ ಹೇಳಿದ ಎಷ್ಟೋ ದಿನದ ಮೇಲೆ ಅವನದೊಂದು ಕಾಗದ ಬಂತು. ಜೊತೆಯವನ ಕಿವಿಯ ತುದಿ ಚಳಿಗೆ ಕಪ್ಪಾಯಿತು, ಕತ್ತರಿಸಿದರು, ನನ್ನದು ಇನ್ನೂ ಇದೆ ಎಂದು ಬರೆದಿದ್ದ. ಚಳಿಗೆ ಕಿವಿ ಉದುರುತ್ತದೆಂದರೆ ನಮಗೆ ನಂಬಿಕೆ ಬರಲಿಲ್ಲ. ಅಕ್ಕೋರು ಮಾತ್ರ ಆ ಕಾಗದವನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದರು.

ಅವನ ಪಲ್ಟಣದವನೇ ಒಬ್ಬ ಸಿದ್ದಾಪುರದ ಕಡೆಗೆ ರಜೆಗೆ ಬಂದಿದ್ದ. ಶನಿವಾರ ಮಧ್ಯಾಹ್ನದ ಹುಬ್ಬಳ್ಳಿ ಬಸ್ಸಿಗೆ ಹೊರಡುವವನು. ಅವನ ಕೈಯಲ್ಲಿ ಕೊಟ್ಟರೆ ಟೊಪ್ಪಿಗೆ ನೇರ ತಮ್ಮನ ತಲೆಗೆ. ಅಂಚೆಯನ್ನು ಅಕ್ಕೋರು ನಂಬುವಂತಿರಲಿಲ್ಲ; ಹಿಂದೆ ಕಳಿಸಿದ್ದು ಯಾವುದೂ ಮುಟ್ಟಿರಲಿಲ್ಲ. ದಪ್ಪ ಉಣ್ಣೆ ನಮ್ಮ ಪೇಟೆಯಲ್ಲಿ ಎಲ್ಲಿಯದು? ಹುಬ್ಬಳ್ಳಿಯಿಂದ ತರಿಸಿದರು, ಒಂದೇ ಟೊಪ್ಪಿಗೆಗೆ ಆಗುವಷ್ಟು. ಆ ವಾರವೇ ಅವರ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂತಿದ್ದರು. ಕಡ್ಡಿ ಹಿಡಿಯುವುದು ದೂರದ ಮಾತು.

"ನನ್ನ ಕೈ ಈಗ ನೀನು," ಎಂದು ಉಣ್ಣೆಯನ್ನು ನನ್ನ ಮಡಿಲಿಗೆ ಹಾಕಿದರು.

ಬಿದಿರಿನ ದಪ್ಪ ಕಡ್ಡಿ ಎರಡು, ಜಡೆ ತಿರುಗಿಸಲು ಮುರಿದ ಕೊಡೆಯ ಕಡ್ಡಿ ಒಂದು. ಆರು ಕುಣಿಕೆಯಲ್ಲಿ ಮೂರನ್ನು ಕೊಡೆ ಕಡ್ಡಿಗೆ ದಾಟಿಸಿ ಮುಂದೆ ಬಿಡಬೇಕು. ಉಳಿದ ಮೂರನ್ನು ಮೊದಲು ಹೆಣೆದು, ಬಿಟ್ಟ ಮೂರನ್ನು ಆಮೇಲೆ. ಹಿಂದೆ ಬಿಟ್ಟರೆ ಜಡೆ ಉಲ್ಟಾ ತಿರುಗುತ್ತದೆ. ಒಂದು ತಪ್ಪು ಕಂಡರೆ ಅಕ್ಕೋರು ಇಡೀ ಸಾಲು ಬಿಚ್ಚಿಸುವವರು. ನಾನು ಬಿಚ್ಚಿ, ಹೆಣೆದು, ಮತ್ತೆ ಬಿಚ್ಚಿ, ಮಂಗಳವಾರ ಸಂಜೆಗೆ ಮುಗಿಸಿದೆ. ಕಿವಿಯ ಮೇಲೆ ಎರಡು ಮಡಿಕೆ ಬರುವಂಥ ಟೊಪ್ಪಿಗೆ. ಇನ್ನೊಂದು ದಿನ ಮನೆಯಲ್ಲಿಟ್ಟು ಕಣ್ಣು ತುಂಬ ನೋಡೋಣವೆನ್ನಿಸಿತು. ಅದೇ ಮುಳುವಾಯಿತು.

ಬುಧವಾರ ಸಾಲೆಯಿಂದ ಬಂದಾಗ ಅವ್ವ ಹಿತ್ತಲಲ್ಲಿ ತಂತಿಯ ಕೆಳಗೆ ನಿಂತಿದ್ದಳು. ಮುಖ ಬಾಡಿತ್ತು. ನನ್ನ ಪುಟ್ಟ ತಂಗಿಗೆ ಮೈಯೆಲ್ಲ ಕಜ್ಜಿ. ನಾನಿಲ್ಲದಾಗ ಅವಳು ಟೊಪ್ಪಿಗೆ ಹಾಕಿಕೊಂಡು ಕುಣಿದಿದ್ದಳು. ಕಜ್ಜಿಯ ಬಟ್ಟೆಯನ್ನು ನಮ್ಮ ಮನೆಯಲ್ಲಿ ಮಾಡುತ್ತಿದ್ದದ್ದು ಒಂದೇ: ಬೇವಿನ ತಪ್ಪಲು ಹಾಕಿ ಹಂಡೆಯಲ್ಲಿ ಕುದಿಸುವುದು. ಉಣ್ಣೆ ಎಂದರೆ ಅವ್ವ ಕಂಡದ್ದು ಕುರುಬರ ಕಂಬಳಿ. ಅದನ್ನು ಯಾರೂ ಕುದಿಸುವುದಿಲ್ಲ; ಕುದಿಸಿದರೆ ಉಣ್ಣೆ ಕುಗ್ಗುತ್ತದೆಂದು ಅವಳಿಗೆ ಹೇಗೆ ತಿಳಿಯಬೇಕು?

"ಸಿಪಾಯಿ ತಲಿಗೆ ಕಜ್ಜಿ ಹತ್ತಿದ್ರ ಅಂವ ಬಂದೂಕ ಹಿಡೀಬೇಕೋ, ತಲಿ ಕೆರಕೋಬೇಕೋ? ಅದಕ್ಕ ಕುದಿಸಿದೆ ಮಗಳ..." ಎಂದಳು. ಅವಳ ಅಂಗೈಯಲ್ಲಿ ಈಗ ನನ್ನೆದುರಿಗಿರುವ ಇದೇ ಟೊಪ್ಪಿಗೆ ಇತ್ತು.

ಬಿಚ್ಚಲು ನೋಡಿದೆ. ಎಳೆ ಎಳೆಗೆ ಕಚ್ಚಿಕೊಂಡಿತ್ತು.

ಅವ್ವ ಮಾಡಿದ್ದು ತಿಳಿಯದೆ. ಇನ್ನು ಮೇಲೆ ನಾನು ಮಾಡಿದ್ದು ತಿಳಿದೂ ತಿಳಿದೂ. ಗುರುವಾರ ಅಕ್ಕೋರು, "ಎಲ್ಲಿಗೆ ಬಂತೇ?" ಎಂದರು. "ತುದಿ ಮುಚ್ಚೂದೊಂದು ಬಾಕಿ ಐತ್ರಿ," ಎಂದೆ. ಹೇಳಿದರೆ ಸಾಲೆ ಬಿಡಿಸುತ್ತಾರೆ, ಅಪ್ಪ ಕಾಯುತ್ತಲೇ ಇದ್ದಾನೆ ಎನ್ನುವ ಹೆದರಿಕೆ. ಶುಕ್ರವಾರ ಬೆಳಿಗ್ಗೆ ಮತ್ತೆ ಕೇಳಿದರು. ಮತ್ತೆ ಅದೇ ಸುಳ್ಳು. ಅವರು ನಕ್ಕು ನನ್ನ ಬೆನ್ನು ತಟ್ಟಿದರು. ಆ ಏಟಿನಷ್ಟು ಉರಿದ ಏಟು ನಾನು ತಿಂದಿಲ್ಲ.

ಅದೇ ದಿನ ಎರಡನೇ ತಾಸು, ಅಕ್ಕೋರ ಹೊಲಿಗೆ ಪಾಠ ನಡೆದಿತ್ತು. ಬಾಗಿಲಲ್ಲಿ ಅವ್ವ. ಸಾಲೆಯ ಮೆಟ್ಟಿಲು ತುಳಿದವಳೇ ಅಲ್ಲ. ಚಪ್ಪಲಿ ಅಂಗಳದಲ್ಲೇ ಬಿಟ್ಟು ಬಂದಿದ್ದಳು. ಹುಡುಗಿಯರು ಕಿಸಕ್ಕೆಂದರು. ನಾನು ಅವಳು ನನ್ನವಳಲ್ಲವೆನ್ನುವಂತೆ ತಲೆ ತಗ್ಗಿಸಿದೆ. ಇದನ್ನೂ ಬರೆಯಲೇಬೇಕು.

"ತಪ್ಪು ನಂದ್ರಿ ಅಕ್ಕೋರ," ಎಂದು ಸೆರಗಿನಿಂದ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಳು. "ಹುಡುಗೀನ ಸಾಲಿ ಬಿಡಿಸಬ್ಯಾಡ್ರಿ."

ಅಕ್ಕೋರು ಟೊಪ್ಪಿಗೆಯನ್ನು ಎಡಗೈಯಲ್ಲಿ ಎತ್ತಿ ನೋಡಿದರು.

"ಯಾವತ್ತು ತೊಳೆದದ್ದು ಅವ್ವಾ?"

"ಬುಧವಾರ ಮುಂಜೇಲಿ."

ಅವರು ನನ್ನತ್ತ ತಿರುಗಿದರು. ಬೈಯಲಿಲ್ಲ. "ಎರಡು ದಿನ," ಎಂದರು, ಅಷ್ಟೇ.

ಆಮೇಲೆ ಟೊಪ್ಪಿಗೆಯನ್ನು ಅವ್ವನಿಗೇ ಮರಳಿಸಿ, "ಇದನ್ನ ಇಟ್ಕೊಳ್ಳಿ. ಇವಳ ಕೂಸಿಗೆ ಆಗ್ತದೆ. ಮೊದಲು ಬಿ.ಎ., ಆಮೇಲೆ ಕೂಸು," ಎಂದರು. ಅವ್ವ ಅಳುತ್ತಲೇ ನಕ್ಕಳು. ಅಕ್ಕೋರು ನಗಲಿಲ್ಲ. ಬಿಡಾರಕ್ಕೆ ಹೋಗಿ, ತಮ್ಮ ಬಿಟ್ಟುಹೋಗಿದ್ದ ಸ್ವೆಟರ್ ತಂದರು. ಆ ಮನೆಯಲ್ಲಿ ಅವನದೆಂದು ಇದ್ದದ್ದು ಅದೊಂದೇ. ಅದರ ಕತ್ತಿನ ನೂಲಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು.

ಅವರು ಬಿಚ್ಚುತ್ತ ಹೋದರು, ನಾನು ಹೆಣೆಯುತ್ತ ಬಂದೆ. ಸುರುಳಿ ಬಿದ್ದ ನೂಲು, ಎರಡೆಳೆ ಕೂಡಿಸಿಕೊಂಡರೂ ಕಡ್ಡಿಯಿಂದ ಜಾರುತ್ತಿತ್ತು. ಕತ್ತಲಾಗುವವರೆಗೆ ಸಾಲೆಯ ಪಡಸಾಲೆಯಲ್ಲಿ, ಬೆಳಕು ಹರಿಯುವಾಗ ಅವರ ಹೊಸ್ತಿಲಲ್ಲಿ. "ಕಣ್ಣು ಕಡ್ಡಿ ಮೇಲಿರ್ಲಿ," ಎಂದು ಅಕ್ಕೋರು ಆಗಾಗ ಎಚ್ಚರಿಸುತ್ತಿದ್ದರು.

ಶನಿವಾರ ಹೆಣೆಯುತ್ತಲೇ ಬಸ್ ಸ್ಟ್ಯಾಂಡಿಗೆ ನಡೆದೆವು. ಅವರು ಉಂಡೆ ಹಿಡಿದುಕೊಂಡು, ನಾನು ಕಡ್ಡಿ. ಸಿಪಾಯಿ ಟ್ರಂಕನ್ನು ಬಸ್ಸಿನ ಮೇಲೇರಿಸಿ ಕಿಟಕಿಯಲ್ಲಿ ಕೂತಿದ್ದ. ನಾನು ಕೊನೆಯ ಜಡೆ ತಿರುಗಿಸಿ ಮೂರು ಸಾಲು ಮುಂದೆ ಹೋದ ಮೇಲೆ ಕಂಡಿತು: ಕುಣಿಕೆಗಳನ್ನು ಹಿಂದೆ ಬಿಟ್ಟಿದ್ದೆ. ಒಂದು ಜಡೆ ಉಲ್ಟಾ. ಡ್ರೈವರ್ ಹತ್ತಿ ಕೂತ. ನೋಡುವವರು ಯಾರು, ಸುಮ್ಮನಿದ್ದರೆ ಮುಗಿಯಿತು...

"ಅಕ್ಕೋರ, ತಪ್ಪಾತ್ರಿ. ಇಲ್ಲಿ ಉಲ್ಟಾ ತಿರುಗೇತಿ."

ಅವರು ನೋಡಿದರು. ಬಸ್ಸಿನ ಕಡೆ ನೋಡಿದರು. ಒಂದು ತಪ್ಪಿಗೆ ಸಾಲು ಬಿಚ್ಚಿಸುವವರು, "ಹೇಳಿದೆಯಲ್ಲ, ಸಾಕು. ಮುಂದೆ ಹೆಣೆ," ಎಂದರು.

"ಅಕ್ಕೋರೆ, ಟೊಪ್ಪಿಗೆ ಮಾತ್ರಾನಾ, ತಲೆನೂ ಹೊಲಿದು ಕಳಿಸೋದಾ?" ಎಂದು ಕಂಡಕ್ಟರ್ ಚೇಷ್ಟೆ ಮಾಡಿದ.

"ನಿನ್ನ ಬಾಯಿ ಹೊಲಿಯೂದೊಂದು ಬಾಕಿ ಮಾರಾಯಾ, ನಿಲ್ಲಿಸು!" ಎಂದರು ಅಕ್ಕೋರು. ಬಸ್ಸು ಗುರುಗುಡುತ್ತಿದ್ದಂತೆ ನೆತ್ತಿಯ ಕುಣಿಕೆಗಳನ್ನೆಲ್ಲ ಎಳೆದು ಬಿಗಿದೆ. ಹಿಂಬದಿಯ ಹೊಲಿಗೆ ಅರ್ಧ ಬಾಕಿ. ಸೂಜಿ ಸಮೇತ ಕಿಟಕಿಗೆ ಎಸೆದೆವು. ಸಿಪಾಯಿ ಹಿಡಿದುಕೊಂಡ.

ಒಂದೂವರೆ ತಿಂಗಳು ಕಾಗದವಿಲ್ಲ. ಅಕ್ಕೋರು ಸೊರಗಿದರು. ನಾನು ಅವರ ಮುಖ ನೋಡಲಾರದೆ ಹಿಂದಿನ ಸಾಲಿಗೆ ಹೋಗಿ ಕೂತೆ. ಒಂದು ದಿನ ಹೆಸರು ಹಿಡಿದು ಮುಂದೆ ಕರೆದು, ಕೈಗೆ ಕಾಗದ ಕೊಟ್ಟರು. "ಓದು. ದೊಡ್ಡದಾಗಿ."

'ಅಕ್ಕಾ, ಟೊಪ್ಪಿಗೆ ಮುಟ್ಟಿತು. ಕಿವಿ ಎರಡೂ ಇವೆ. ಒಂದು ಜಡೆ ಉಲ್ಟಾ ಇದೆ, ಹಾಗಾಗಿ ಹೆಣೆದದ್ದು ನೀನಲ್ಲ ಅಂತ ಗೊತ್ತಾಯಿತು. ಆದರೆ ನೂಲು ನನ್ನ ಸ್ವೆಟರಿನದು. ಕಳ್ಳಿ ಯಾರು?'

ಹುಡುಗಿಯರು ನಕ್ಕರು. ಅಕ್ಕೋರು ಕಪ್ಪು ಹಲಗೆಯ ಕಡೆ ತಿರುಗಿ ನಿಂತಿದ್ದರು. ಹೆಗಲು ಮಾತ್ರ ಅಲುಗುತ್ತಿತ್ತು.

ನಾನು ಮೆಟ್ರಿಕ್ ಮುಗಿಸುವ ಮೊದಲೇ ಅವರಿಗೆ ಕುಮಟೆಗೆ ವರ್ಗವಾಯಿತು. ಧಾರವಾಡದಲ್ಲಿ ನನ್ನ ಬಿ.ಎ. ಆದ ವರ್ಷ, ಪದವಿಯ ಕಾಗದ ಚೀಲದಲ್ಲಿಟ್ಟುಕೊಂಡು ಹುಡುಕಿಕೊಂಡು ಹೋದೆ. ಬಾಗಿಲು ತೆರೆದವನು ಎತ್ತರದ ಗಂಡಸು. ಮೊದಲು ನೋಡಿದ್ದು ಅವನ ಕಿವಿಗಳನ್ನು. ಅಕ್ಕ ಹಿಂದಿನ ಆಷಾಢದಲ್ಲಿ ಜ್ವರದಲ್ಲಿ ಹೋದಳು ಎಂದ. ಪದವಿಯ ಕಾಗದವನ್ನು ನಾನು ಚೀಲದಿಂದ ತೆಗೆಯಲಿಲ್ಲ. "ಉಲ್ಟಾ ಜಡೆ ನಂದ್ರಿ," ಎಂದೆ. ಅವನು ಒಳಗೆ ಕರೆದು ನೀರು ಬೆಲ್ಲ ಕೊಟ್ಟ.

ಅವ್ವ ಆ ಟೊಪ್ಪಿಗೆಯನ್ನು ನನ್ನ ಕೂಸಿಗೆ ತೊಡಿಸಲಿಲ್ಲ. ನಾನೂ ಕೇಳಲಿಲ್ಲ. ಸಾಲೆಯ ಬಾಗಿಲಲ್ಲಿ ನಾನು ತಲೆ ತಗ್ಗಿಸಿದ್ದನ್ನು ಅವಳು ಕಂಡಿದ್ದಳೇ ಎಂಬುದನ್ನೂ ಕೇಳಲಿಲ್ಲ. ಇನ್ನು ಕೇಳುವುದು ಯಾರನ್ನು...

ಹಿತ್ತಲಿಗೆ ಹೋಗಿ ಹಸಿ ಬೇವಿನ ಎಲೆ ಕಿತ್ತು ತಂದು, ಟೊಪ್ಪಿಗೆಯ ಅಡಿಗೆ ಹಾಸಿ ಟ್ರಂಕು ಮುಚ್ಚಿದೆ.