ಹನುಮವ್ವನ ಹೇಂಟೆ ಕೂಗಿದ್ದೇಕೆಂದು ನನಗೆ ಗೊತ್ತಿತ್ತು

ಪಕ್ಕದ ಮನೆಯ ಹನುಮವ್ವನ ಕೆಂಪು ಹೇಂಟೆ ಒಂದು ಬೆಳಿಗ್ಗೆ ಕಟ್ಟೆ ಹತ್ತಿ, ಕತ್ತು ಚಾಚಿ, ಹುಂಜದಂತೆ ಕೂಗಿಬಿಟ್ಟಿತು. ಪೂರಾ ಕೂಗಲ್ಲ... ಗಂಟಲು ಕಟ್ಟಿದವರು ಹಾಡಿದಂತೆ ಅರ್ಧಕ್ಕೇ ನಿಂತಿತು.

ಇದು ಇಳಕಲ್ಲಿನ ಮಾತು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತ, ಜುವಾಲಜಿಯಲ್ಲಿ ಎರಡು ಸಲ ಫೇಲಾಗಿ, ಬೇಸಿಗೆ ರಜೆಗೆ ಬಂದಿದ್ದೆ.

ಹೇಂಟೆ ಅಷ್ಟಕ್ಕೇ ಬಿಡಲಿಲ್ಲ. ಉಳಿದ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗಿ ಮೇಲೇರುವುದು, ಕಾಳು ಕಂಡರೆ ಹುಂಜದ ಠೀವಿಯಲ್ಲಿ ಕರೆಯುವುದು... ಓಣಿಯೇ ನೋಡಲು ಬಂತು.

ಆ ಮನೆಗೆ ಸೊಸೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಲಕ್ಕವ್ವ, ಬಾದಾಮಿ ಕಡೆಯ ಹುಡುಗಿ.

"ಹೆಣ್ಣ ಕೋಳಿ ಕೂಗಿದ್ರ ಮನಿ ಯಜಮಾನಗ ಕೇಡು. ಇಕಿ ಕಾಲ್ಗುಣ ನೋಡ್ರೆವ್ವಾ!" ಎಂದಳು ಹನುಮವ್ವ. ಗಂಡನಿಲ್ಲದ ಆಕೆಗೆ ಇದ್ದವನು ಒಬ್ಬನೇ ಮಗ. ಭಯ ಖರೆ ಇತ್ತು.

ಆಮೇಲೆ ನನ್ನ ಕಡೆ ತಿರುಗಿದಳು. "ತಮ್ಮಾ, ನೀ ಕಾಲೇಜ್ ಕಲಿಯಾಂವ. ನಿಮ್ಮ ಬುಕ್ಕಿನ್ಯಾಗ ಏನ್ ಬರದಾರ?"

ಬರೆದಿದ್ದರು. ಗುಂಪಿನಲ್ಲಿ ಹುಂಜ ಇಲ್ಲದಿದ್ದರೆ ಜೋರಿನ ಹೇಂಟೆಯೊಂದು ಅದರ ಜಾಗ ಹಿಡಿಯುವುದುಂಟು ಎಂದು ನಮ್ಮ ಸರ್ ಪಾಠ ಮಾಡಿದ್ದರು. ಡಾಮಿನೆನ್ಸೋ, ಹಾರ್ಮೋನೋ... ಶಬ್ದ ಈಗ ಮರೆತಿದೆ. ವಿಷಯ ಆಗ ಚೆನ್ನಾಗಿ ನೆನಪಿತ್ತು.

ಆದರೆ ಅದನ್ನು ಹೇಳಿದರೆ, ಹುಂಜ ಎಲ್ಲಿ ಹೋಯಿತು ಎಂಬಲ್ಲಿಗೆ ಮಾತು ಬರುತ್ತದಲ್ಲ!

ಹುಂಜವನ್ನು ತಿಂದವನು ನಾನು.

ರಜೆಗೆ ಬಂದ ಹೊಸತರಲ್ಲಿ, ಹನುಮವ್ವನ ಮನೆಯವರೆಲ್ಲ ಬೀಗರ ಮನೆಯ ಮದುವೆಗೆ ಹೋದ ಒಂದು ಮಧ್ಯಾಹ್ನ, ಹಾಸ್ಟೆಲ್ ಗೆಳೆಯರಿಬ್ಬರನ್ನು ಕಟ್ಟಿಕೊಂಡು ಅದನ್ನು ಹಿಡಿದು, ಹಳ್ಳದ ದಂಡೆಯಲ್ಲಿ ಸುಟ್ಟು ತಿಂದಿದ್ದೆ. ಎಲ್ಲರೂ ತಪ್ಪನ್ನು ಕಾಡುಬೆಕ್ಕಿನ ಮೇಲೆ ಹಾಕಿದ್ದರು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಅಪ್ಪ ಅಲ್ಲೇ ನಿಂತಿದ್ದರು.

"ಅಬ್‌ನಾರ್ಮಲ್ ಐತಿ, ದೊಡ್ಡವ್ವಾ" ಅಂದೆ. ಇಂಗ್ಲಿಷಿನಲ್ಲಿ ಅಂದದ್ದಕ್ಕೆ ಅದೇ ತೀರ್ಪಾಯಿತು.

ಮರುದಿನ ನಳದ ಹತ್ತಿರ ಲಕ್ಕವ್ವ ಕೊಡ ಇಳಿಸಿ ನಿಂತಳು.

"ಅಣ್ಣಾರ, ನಮ್ಮ ತವರಮನ್ಯಾಗೂ ಹಿಂಗ ಆಗಿತ್ರಿ. ಹುಂಜ ಇಲ್ಲಂದ್ರ ಕೂಗತಾವು. ನಾ ಹೇಳಿದ್ರ ಎದುರ ಮಾತಾಡ್ತಾಳ ಅಂತಾರ. ನೀವೊಂದ್ ಮಾತ ಹೇಳ್ರಿ."

ಕಾಲೇಜಿನ ಮೆಟ್ಟಿಲು ಹತ್ತದ ಹುಡುಗಿಗೆ ಎಲ್ಲ ಗೊತ್ತಿತ್ತು. "ನೋಡೂಣು" ಅಂದೆ... ನೋಡಲಿಲ್ಲ.

ಆ ವಾರವೇ ಗಂಡ ಆಕೆಯನ್ನು ಬಾದಾಮಿ ಬಸ್ಸಿಗೆ ಹತ್ತಿಸಿ ಬಂದ. ಕೋಳಿಯ ಕೂಗು ನಿಂತ ಮೇಲೆ ಕರೆಸೋಣ ಎಂದಿದ್ದಳು ಹನುಮವ್ವ.

ಹಾಗಾದರೆ ನಿಲ್ಲಿಸೋಣ ಅಂತ ನಾನು ಹುನಗುಂದದಿಂದ ಒಂದು ಹುಂಜ ತಂದು, ಯಾರೂ ಇಲ್ಲದಾಗ ಆಕೆಯ ಹಿತ್ತಲಿಗೆ ಬಿಟ್ಟೆ. ದೊಡ್ಡ ಪ್ರಾಯಶ್ಚಿತ್ತ ಮಾಡಿದೆ ಎಂದೇ ತಿಳಿದಿದ್ದೆ. ನಾಲ್ಕೇ ದಿನದಲ್ಲಿ ಹೇಂಟೆ ಸುಮ್ಮನಾಯಿತು.

ಹನುಮವ್ವ ನಡುಓಣಿಯಲ್ಲಿ ನಿಂತು ಕೈ ಮುಗಿದಳು.

"ನೋಡ್ರೆವ್ವಾ, ಅಕಿ ಆಕಡೆ ಹೋದ್ಲು, ನಮ್ಮ ಮನಿದೇವರು ಬೀರಪ್ಪ ಈಕಡೆ ಹುಂಜ ಕಳಿಸಿದ. ಕೇಡು ಅಕಿ ಬೆನ್ನ ಹತ್ತಿ ಹೋತು. ಇನ್ನ ಹೆಂಗ ಕರಕೊಂಬರ್ಲಿ?"

ಕರೆತರಲಿಲ್ಲ. ಮರುವರ್ಷ ಮಗನಿಗೆ ಬೇರೆ ಮದುವೆ ಮಾಡಿದಳು. ಆ ಮದುವೆಯಲ್ಲಿ ನಾನು ಓಡಾಡಿ ಬುಂದೆ ಬಡಿಸಿದೆ.

ನನ್ನ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅಷ್ಟು ವರ್ಷ ಸಂಸಾರ ಮಾಡಿದರೂ ಆಕೆಗೂ ಇದನ್ನು ಹೇಳಲಿಲ್ಲ. "ನಮ್ಮನಿಯವರು ಸುಳ್ಳ ಆಡಾಂಗಿಲ್ಲ" ಎಂದು ಆಕೆ ಬಂದವರಿಗೆ ಹೇಳುವಾಗ, ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ.

ಲಕ್ಕವ್ವ ಇದ್ದರೆ ಈಗ ಅರವತ್ತು ದಾಟಿರಬೇಕು. ಹುಡುಕಿಕೊಂಡು ಹೋಗಿ ಎಲ್ಲ ಹೇಳಿಬಿಡಬೇಕು ಅನ್ನಿಸುತ್ತದೆ, ಮತ್ತೆ ಕಾಲು ಹಿಂದಕ್ಕೆ ಬರುತ್ತದೆ...

ನೀವೇ ಹೇಳಿ, ಹಾಗೆ ಹೇಳಿದರೆ ಆಕೆಯ ಭಾರ ಇಳಿಯುತ್ತದೆಯೇ, ಇಲ್ಲಾ ನನ್ನದಷ್ಟೇ ಇಳಿಯುತ್ತದೆಯೇ?