ಬಿಸ್ಕಿಟ್ ಡಬ್ಬಿಯ ಗುಳಿಗೆಗಳು

ಖಾನಾಪುರದ ನನ್ನ ಸೋದರತ್ತೆ ಹೊಲಿಗೆ ಯಂತ್ರ ತುಳಿದು ಬದುಕಿದವಳು. ಬೆಳಗಾವಿಯಲ್ಲಿ ಕೃತಕ ಮೊಣಕಾಲು ಹಾಕಿಸಿದ ವರ್ಷಕ್ಕೆ ಅದು ಬಾತು, ಹಳೆಯ ಗಾಯದ ಗುರುತಿನಿಂದ ನೀರು ಜಿನುಗತೊಡಗಿತು. ಡಾಕ್ಟರು ಒಳಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಯಾವ ಸೂಕ್ಷ್ಮಜೀವಿಯೂ ಬೆಳೆದಿಲ್ಲವೆಂದು ವರದಿ ಬಂತು. ಸೋಂಕಿಲ್ಲವೆಂಬ ಖುಷಿಗೆ ನಾನು ಬೆಳಗಾವಿಯ ಸಿಹಿತಿಂಡಿ ಕುಂದಾ ಕೊಂಡು ತಂದೆ. ಆದರೆ ಸೋಂಕಿಲ್ಲವೆಂಬುದನ್ನು ಡಾಕ್ಟರು ಒಪ್ಪಲಿಲ್ಲ.

ಸೂಕ್ಷ್ಮಜೀವಿಗಳು ಲೋಹದ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಅದರೊಳಗೆ ಅಡಗಿರುತ್ತವೆ, ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ ಎಂದರು. ಅತ್ತೆಗೆ ತಿಳಿಯಲೆಂದು ನೀರಿನ ಕೊಡದ ಒಳಮೈಗೆ ಹಿಡಿಯುವ ಲೋಳೆಯನ್ನು ನೆನಪಿಸಿದರು.

“ನಾ ಕೊಡ ದಿನಾ ತಿಕ್ಕತೀನ್ರಿ ಸಾಹೇಬ್ರ,” ಎಂದಳು ಅತ್ತೆ.

“ಮೊಣಕಾಲಾಗ ನಿಮ್ಮ ಕೈ ಹೋಗಂಗಿಲ್ಲಲ್ರಿ ಅವ್ವಾರ,” ಎಂದರು ಡಾಕ್ಟರು.

ಸೋಂಕು ಹೋಗದಿದ್ದರೆ ಕಾಲನ್ನು ಮಡಚಲು ಬಾರದಂತೆ ಬೆಸೆಯಬೇಕಾದೀತು ಎಂದೂ ಹೇಳಿದರು. ಹಾಗಾದರೆ ಯಂತ್ರ ತುಳಿಯುವುದು ಮುಗಿದಂತೆ. ಆಮೇಲೆ, ಪರೀಕ್ಷೆಗೆ ಮೊದಲು ಆಂಟಿಬಯೋಟಿಕ್ ಏನಾದರೂ ತೆಗೆದುಕೊಂಡಿದ್ದರೇ ಎಂದು ಕೇಳಿದರು. ಇಲ್ಲ ಎಂದು ನಾನೇ ಉತ್ತರ ಕೊಟ್ಟೆ. ನಾನು ಕೆಲಸ ಮಾಡುವ ಪತ್ರಿಕೆಯ ಸುದ್ದಿಮನೆಯ ಅಭ್ಯಾಸದಂತೆ ಅವಳ ಜ್ವರ, ಗುಳಿಗೆ, ಡ್ರೆಸಿಂಗ್ ಎಲ್ಲವನ್ನೂ ತಾರೀಖು ಸಮೇತ ಒಂದು ವಹಿಯಲ್ಲಿ ಬರೆದಿಟ್ಟಿದ್ದೆ.

ಮರುದಿನ ಖಾನಾಪುರದ ಮನೆಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ಕಂಡಿತು. ಓಣಿಯಲ್ಲಿ ಯಾರ ಗುಳಿಗೆ ಉಳಿದರೂ ಅದಕ್ಕೇ ಬರುತ್ತಿತ್ತು, ಬೇಕಾದವರು ಅದರಿಂದಲೇ ಒಯ್ಯುತ್ತಿದ್ದರು. ಓಣಿಯವರೆಲ್ಲ ಕಾಕು ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ಹಲ್ಲು ಕೀಳಿಸಿಕೊಂಡಾಗ ಉಳಿದಿದ್ದ ಆಂಟಿಬಯೋಟಿಕ್‌ಗಳನ್ನು ಅತ್ತೆ ಬಾವು ಹೆಚ್ಚಾದಾಗಲೆಲ್ಲ ಒಂದೊಂದಾಗಿ ನುಂಗಿದ್ದಳು.

“ನೀ ಡಾಕ್ಟರ್ ಕೊಟ್ಟದ್ದಷ್ಟ ಕೇಳಿದಿ. ಇವು ಕಾಕು ಕೊಟ್ಟವು,” ಎಂದಳು.

ಬೇರೆಯವರು ಕೊಟ್ಟದ್ದೇನು ಎಂಬ ಪ್ರಶ್ನೆಯೇ ನನ್ನ ವಹಿಯಲ್ಲಿ ಇರಲಿಲ್ಲ. ಡಾಕ್ಟರಿಗೆ ಫೋನಿನಲ್ಲಿ ತಪ್ಪು ಒಪ್ಪಿಕೊಂಡೆ. ವರದಿ ಖಾಲಿ ಬರಲು ಆ ಗುಳಿಗೆಗಳೇ ಕಾರಣವಿರಬಹುದು ಎಂದರು. ಜ್ವರ ಬಂದರೆ ಕೂಡಲೇ ಕರೆತರಬೇಕು, ಇಲ್ಲದಿದ್ದರೆ ಎರಡು ವಾರ ಯಾವ ಆಂಟಿಬಯೋಟಿಕ್ಕೂ ಬೇಡ, ಆಮೇಲೆ ಮತ್ತೆ ದ್ರವ ಪರೀಕ್ಷಿಸೋಣ ಎಂದು ತಾಕೀತು ಮಾಡಿದರು. ಡಬ್ಬಿಯಲ್ಲಿದ್ದ ಗುಳಿಗೆಗಳನ್ನೆಲ್ಲ ನಾನು ಬೆಳಗಾವಿಗೆ ಒಯ್ದೆ, ಖಾಲಿ ಡಬ್ಬಿ ಅತ್ತೆಯ ಬಳಿಯೇ ಉಳಿಯಿತು. ದಿನಕ್ಕೆ ಎರಡು ಸಲ ಜ್ವರ ನೋಡಿ ಹೇಳುವ ಕೆಲಸ ಕಾಕುವಿನದಾಯಿತು.

ಎರಡನೆಯ ಸಲದ ಪರೀಕ್ಷೆಯಲ್ಲಿ ಸೂಕ್ಷ್ಮಜೀವಿ ಸಿಕ್ಕಿತು, ಅದಕ್ಕೆ ನಾಟುವ ಔಷಧವೂ ಗೊತ್ತಾಯಿತು. ಹಳೆಯ ಕೀಲು ತೆಗೆದು, ಔಷಧ ಬೆರೆಸಿದ, ಮೂಳೆಗೆ ಬಳಸುವ ಸಿಮೆಂಟನ್ನು ಆ ಜಾಗದಲ್ಲಿ ತಾತ್ಕಾಲಿಕವಾಗಿಟ್ಟು, ವಾರಗಟ್ಟಲೆ ಇಂಜೆಕ್ಷನ್ ಕೊಟ್ಟ ಮೇಲೆ ಹೊಸ ಕೀಲು ಕೂಡಿಸಿದರು. ಗಾಯ ಒಣಗಿ ಈಗ ವರ್ಷ ದಾಟಿದೆ. ಅತ್ತೆ ಮತ್ತೆ ಕುಪ್ಪಸ ಹೊಲಿಯುತ್ತಾಳೆ.

ಕಳೆದ ತಿಂಗಳ ತಪಾಸಣೆಯಲ್ಲಿ ಡಾಕ್ಟರು, ಬೇರೆ ಯಾರದಾದರೂ ಗುಳಿಗೆ ನುಂಗುತ್ತಿದ್ದೀರಾ ಎಂದು ಕೇಳಿದರು. ಈ ಸಲ ಉತ್ತರಕ್ಕೆ ನಾನು ಅತ್ತೆಯ ಕಡೆ ಕೈ ತೋರಿಸಿದೆ.

“ಇಲ್ರಿ,” ಎಂದಳು ಅತ್ತೆ, “ಡಬ್ಬ್ಯಾಗ ಈಗ ಕುಪ್ಪಸದ ಗುಂಡಿ ಇಟ್ಟೀನಿ.”