ಹಳದಿ ಪಟ್ಟಿಯ ಮೇಲಿನ ಅರವಟ್ಟಿಗೆ

ಕೊರೊನಾ ಗಲಾಟೆ ಅಡಗಿದ ಮರುವರ್ಷ ನನ್ನನ್ನು ಶಿರಹಟ್ಟಿಯಿಂದ ಬೆಟಗೇರಿಗೆ ವರ್ಗ ಮಾಡಿದರು. ಹುದ್ದೆ ಸಹಾಯಕ ಎಂಜಿನಿಯರ್, ನಿವೃತ್ತಿಗೆ ಉಳಿದದ್ದು ಎರಡೇ ವರ್ಷ. ಬಂದ ಕೂಡಲೇ ಕೈಗೆ ಸಿಕ್ಕ ಕೆಲಸ, ಬೆಟಗೇರಿಯಿಂದ ಗದಗದ ಕಡೆ ಹೋಗುವ ಒಂದು ರಸ್ತೆಗೆ ಫುಟ್‌ಪಾತ್ ಮತ್ತು ಸೈಕಲ್ ಪಥ. ಅಲ್ಲಿಯವರೆಗೂ ಚರಂಡಿ, ಪೈಪು, ಡಾಂಬರು ಎಂದು ಸವೆದವನು ನಾನು. ನಡೆಯುವ ಮನುಷ್ಯನಿಗಾಗಿ ಒಂದು ಕೆಲಸ ಸಿಕ್ಕಿತಲ್ಲ ಎಂದು ಹಿಗ್ಗಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಸೈಕಲ್ ಪಥದ ಕಥೆ ಬೇಗ ಮುಗಿಯಿತು. ಬಿಳಿ ಗೆರೆ ಒಣಗುವ ಮೊದಲೇ ಅದರ ಮೇಲೆ ಆಟೋಗಳು ಸಾಲಾಗಿ ನಿಂತವು. “ಇಷ್ಟು ವರ್ಷಕ್ಕ ನಮಗೊಂದು ಸ್ಟ್ಯಾಂಡ್ ಮಾಡಿಕೊಟ್ರಿ ನೋಡ್ರಿ ಸಾಹೇಬ್ರ” ಎಂದು ಚಾಲಕನೊಬ್ಬ ನನಗೇ ಚಹಾ ತರಿಸಿದ. ಕುಡಿದೆ. ಇನ್ನೇನು ಮಾಡಲಿ? ಗದರಿಸಿದ ದಿನ ಹೋಗುತ್ತಿದ್ದರು, ಮರುದಿನ ಬರುತ್ತಿದ್ದರು. ಫುಟ್‌ಪಾತನ್ನಾದರೂ ಉಳಿಸಿಕೊಳ್ಳೋಣ ಎಂದು ಹಲ್ಲು ಕಚ್ಚಿ ನಿಂತೆ.

ಫುಟ್‌ಪಾತಿನ ಅಗಲ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್. ಎದುರುಬದುರಾಗಿ ಬಂದ ಇಬ್ಬರು ಭುಜ ತಾಗದೆ ದಾಟಲು ಇಷ್ಟಾದರೂ ಬೇಕು. ಅದರ ನಡುವೆ ಉದ್ದಕ್ಕೂ ಟ್ಯಾಕ್ಟೈಲ್ ಟೈಲ್ ಹಾಕಿಸಿದೆ. ಅಂದರೆ ಉಬ್ಬು ಗೆರೆಗಳಿರುವ ಹಳದಿ ಕಲ್ಲಿನ ಪಟ್ಟಿ. ಕಣ್ಣು ಕಾಣದವರು ಅದನ್ನು ಕೋಲಿನಿಂದಲೋ ಅಂಗಾಲಿನಿಂದಲೋ ತಡವಿಕೊಂಡು ನೇರವಾಗಿ ನಡೆಯಬಹುದು. ಗೆರೆ ಹೋಗಿ ಗುಂಡು ಬೊಟ್ಟುಗಳು ಸಿಕ್ಕರೆ ನಿಲ್ಲಬೇಕು, ಅಲ್ಲಿ ರಸ್ತೆ ಬಂತು ಎಂದು ಅರ್ಥ.

ಆ ಪಟ್ಟಿ ಹಾಕುವಾಗಲೇ ಈರಪ್ಪನವರ ಪರಿಚಯವಾದದ್ದು. ಹಳೆಯ ಕೈಮಗ್ಗದ ನೇಕಾರರು. ಗ್ಲಾಕೋಮಾ ಎಂಬ ರೋಗ ಎರಡೂ ಕಣ್ಣು ತಿಂದುಹಾಕಿತ್ತು. ಆದರೂ ಒಂದು ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು, ಬೆರಳು ನೆಟ್ಟಗಿದ್ದರೆ ಸಾಕು. ಆದರೆ ಶೆಡ್ಡಿಗೆ ಹೋಗಲು ಕಣ್ಣು ಬೇಕಲ್ಲ? ಹೆಂಡತಿ ಶಾಂತವ್ವ ದಿನಾ ತಮ್ಮ ಮಗ್ಗ ನಿಲ್ಲಿಸಿ, ಅವರ ಕೈ ಹಿಡಿದು ಬಿಟ್ಟುಬಂದು, ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದರು.

“ಸಾಹೇಬ್ರ, ಈ ಗೆರಿ ನಮ್ಮ ಶೆಡ್ಡಿನ ಮಟ ಬರತೈತೇನ್ರಿ?” ಎಂದು ಕೇಳಿದರು ಈರಪ್ಪ.

“ಬರತೈತ್ರಿ.”

“ನಡುವ ಎಲ್ಲೂ ತಪ್ಪಂಗಿಲ್ಲ? ನೋಡ್ರಿ, ಹೇಣ್ತಿ ಕೈ ಹಿಡಕೊಂಡು ಅಡ್ಡ್ಯಾಡಿ ಸಾಕಾಗೇತಿ. ಒಬ್ಬಾಂವನ ಹೋಗಿ ಬಂದ್ನೆಂದ್ರ ನಾನು ಇನ್ನೂ ಗಂಡಸ ಅದೀನಿ ಅನ್ನಸ್ತೈತಿ.”

“ತಪ್ಪಂಗಿಲ್ಲ” ಎಂದೆ. ಮಾತು ಕೊಟ್ಟುಬಿಟ್ಟೆ.

ಕೆಲವು ತಿಂಗಳು ಅವರು ಒಬ್ಬರೇ ಓಡಾಡಿದರು. ಎದುರಿಗೆ ಸಿಕ್ಕರೆ ನನ್ನ ಚಪ್ಪಲಿ ಸದ್ದಿಗೇ ಗುರುತು ಹಿಡಿದು ನಗುತ್ತಿದ್ದರು. ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡಿಸಿದ ಯಾವುದನ್ನಾದರೂ ಒಬ್ಬ ಮನುಷ್ಯ ಅಷ್ಟು ಸುಖವಾಗಿ ಬಳಸಿದ್ದನ್ನು ನಾನು ಕಂಡಿರಲಿಲ್ಲ.

ಬೇಸಿಗೆ ಬಂತು. ಆ ರಸ್ತೆಯ ಜವಳಿ ಅಂಗಡಿಯ ಮಹಾಂತಪ್ಪನವರು ದಾರಿಹೋಕರಿಗೆ ನೀರು ಕೊಡಲು ಅರವಟ್ಟಿಗೆ ಇಟ್ಟರು. ಹುಲ್ಲಿನ ಚಪ್ಪರ, ಒದ್ದೆ ಬಟ್ಟೆ ಸುತ್ತಿದ ದೊಡ್ಡ ಮಣ್ಣಿನ ಹರವಿಗಳು, ಎಲ್ಲವೂ ಸರಿಯಾಗಿ ಹಳದಿ ಪಟ್ಟಿಯ ಮೇಲೆ. ಮೊದಲ ದಿನವೇ ಈರಪ್ಪನವರ ಕೋಲು ಬಡಿದು ಒಂದು ಹರವಿ ಒಡೆಯಿತು. “ಕಣ್ಣು ಕಾಣಂಗಿಲ್ಲಂದ್ರ ಮನ್ಯಾಗ ಕುಂಡ್ರಬೇಕಪಾ” ಎಂದು ಯಾರೋ ಒಬ್ಬ ಅಂದ. ಮಹಾಂತಪ್ಪನವರು ಅವನನ್ನೇ ಬೈದು, ಈರಪ್ಪನವರ ಕೈಗೆ ತಂಪು ನೀರಿನ ಲೋಟ ಕೊಟ್ಟರು. ಕೆಲಸ ಕೆಟ್ಟದ್ದು ಅಲ್ಲೇ. ತಮ್ಮನ್ನು ಬೈದಿದ್ದರೆ ಈರಪ್ಪ ಜಗಳಕ್ಕೆ ನಿಲ್ಲುತ್ತಿದ್ದರೇನೋ. ನೀರು ಕುಡಿದವರು ನಾಚಿಕೊಂಡು, ಮರುದಿನದಿಂದ ಅಲ್ಲಿ ರಸ್ತೆಗೆ ಇಳಿದು ಸುತ್ತು ಹಾಕತೊಡಗಿದರು.

ನಾನು ಓಡಿದೆ. “ಮಹಾಂತಪ್ಪಾರ, ನಿಮ್ಮ ಅಂಗಡಿ ಮೆಟ್ಟಿಲ ಮ್ಯಾಲ ಇಡ್ರಿ ಇವನ್ನ.”

“ಮೆಟ್ಟಿಲಿಗೆ ನುಣ್ಣನ ಗ್ರಾನೈಟ್ ಐತ್ರಿ ಸಾಹೇಬ್ರ, ನೀರು ಚೆಲ್ಲಿದ್ರ ಮಂದಿ ಜಾರಿ ಬೀಳ್ತಾರ. ಈ ಹಳದಿ ಕಲ್ಲು ಭಾಳ ಚಲೋ ಅದಾವ, ಒಟ್ಟ ಜಾರಂಗಿಲ್ಲ. ಯಾವ ಪುಣ್ಯಾತ್ಮ ಹಾಕಿಸಿದ್ನೋ!”

ಆ ಪುಣ್ಯಾತ್ಮ ನಾನೇ, ಎದುರಿಗೇ ನಿಂತಿದ್ದೆ. ಪಟ್ಟಿ ಯಾರಿಗೆ, ಯಾತಕ್ಕೆ ಎಂದು ಬಿಡಿಸಿ ಹೇಳಿದೆ. ಮಹಾಂತಪ್ಪನವರು ಕೈಮುಗಿದು ಕೇಳಿಸಿಕೊಂಡರು, “ಖರೆ ಐತ್ರಿ, ಖರೆ ಐತಿ” ಎಂದರು, ಹರವಿಗಳು ಅಲ್ಲೇ ಉಳಿದವು. ಒಂದು ಬೆಳಿಗ್ಗೆ ಕೂಲಿಯವರನ್ನು ಕರೆದುಕೊಂಡು ಹೋಗಿ ಚಪ್ಪರಕ್ಕೆ ಕೈ ಹಾಕಿಸಿದೆ. ಅಬ್ಬಬ್ಬಾ! ಅರ್ಧ ಬೆಟಗೇರಿ ಸೇರಿತು. “ಕುಡಿಯೂ ನೀರಿಗೆ ಅಡ್ಡ ಬರ್ತೀರಿ, ಬ್ಯಾಸಿಗ್ಯಾಗ! ಮನಷ್ಯಾರೇನ್ರಿ ನೀವು?” ಎಂದು ಒಬ್ಬ ಮುದುಕಿ ನನ್ನ ಮುಖಕ್ಕೆ ಕೈ ಮಾಡಿ ಕೇಳಿದಳು. ಕೂಲಿಯವರು ಚಪ್ಪರ ಬಿಟ್ಟು ಅದೇ ಹರವಿಯ ನೀರು ಕುಡಿದು ಹೋದರು. “ಬ್ಯಾಸಿಗಿ ಮುಗೀಲಿ, ತಾವ ತಗೀತಾರ” ಎಂದು ಮೇಲಧಿಕಾರಿಗಳು ನನಗೆ ಸಮಾಧಾನ ಹೇಳಿದರು.

ಬೇಸಿಗೆ ಮುಗಿಯಿತು. ಹುಲ್ಲಿನ ಚಪ್ಪರಕ್ಕೆ ತಗಡು ಬಂತು. ಪಕ್ಕದಲ್ಲಿ ಗೆಳೆಯರ ಬಳಗವೊಂದು ಧ್ವಜಕ್ಕೆ ಕಟ್ಟೆ ಕಟ್ಟಿತು. ಇನ್ನೊಬ್ಬರು ತಂದೆಯ ನೆನಪಿಗೆ ಗಿಡ ನೆಟ್ಟು ಕಬ್ಬಿಣದ ಬೇಲಿ ಹಾಕಿದರು. ಒಂದೂ ಕೆಟ್ಟ ಕೆಲಸವಲ್ಲ. ಈರಪ್ಪ ಒಂದೊಂದಕ್ಕೂ ರಸ್ತೆಗೆ ಇಳಿದು ಹತ್ತುತ್ತಿದ್ದರು. “ಒಂದು ಅರ್ಜಿ ಕೊಡ್ರಿ, ನಾನು ಬಡದಾಡ್ತೀನಿ” ಎಂದೆ.

“ಬ್ಯಾಡ್ರಿ ಸಾಹೇಬ್ರ. ನೀರು, ನೆಳ್ಳು ಬ್ಯಾಡ ಅಂತ ನಾ ಹೆಂಗ ಅನ್ಲಿ? ನಾಳೆ ಮಂದಿ ನನಗ ಏನಂದಾರು?”

ಮಳೆಗಾಲದ ಒಂದು ಸಂಜೆ ಅರವಟ್ಟಿಗೆಯನ್ನು ಸುತ್ತಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದಾಗ ಬೈಕೊಂದು ಗುದ್ದಿ ಅವರ ಸೊಂಟದ ಎಲುಬು ಮುರಿಯಿತು. ಹಾಸಿಗೆ ಹಿಡಿದವರು ಏಳಲಿಲ್ಲ. ನೋಡಲು ಹೋದಾಗ, “ಗೆರಿ ನೆಟ್ಟಗ ಐತ್ರಿ, ನಂದ ಹೆಜ್ಜಿ ತಪ್ಪಿತು” ಎಂದು ನನ್ನನ್ನೇ ಸಂತೈಸಿದರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ದೀಪಾವಳಿ ಕಳೆದ ಮೇಲೆ ಹೋಗಿಬಿಟ್ಟರು.

ನಾನು ನಿವೃತ್ತನಾಗಿ ಮುಂಡರಗಿಯ ಮನೆ ಸೇರಿದ ಮೇಲೆ ಮಹಾಂತಪ್ಪನವರ ಫೋನ್ ಬಂತು. ಈರಪ್ಪನವರ ಹೆಸರಿನಲ್ಲಿ ಒಂದು ಕಲ್ಲಿನ ಬೆಂಚು ಮಾಡಿಸಿದ್ದಾರಂತೆ, ನಾನೇ ರಿಬ್ಬನ್ ಕತ್ತರಿಸಬೇಕಂತೆ. ಹೋದೆ. ಅರವಟ್ಟಿಗೆಯ ಆಚೆ ಉಳಿದಿದ್ದ ಖಾಲಿ ಜಾಗದಲ್ಲಿ ಫುಟ್‌ಪಾತಿಗೆ ಅಡ್ಡಲಾಗಿ, ಅಂಚಿನಿಂದ ಅಂಚಿಗೆ, ಕರಿಕಲ್ಲಿನ ಬೆಂಚು. “ಪಾಪ, ಅಡ್ಡ್ಯಾಡಿ ಅಡ್ಡ್ಯಾಡಿ ದಣದಿದ್ರು. ಇನ್ನ ಯಾರರೆ ಕುಂತು ಹೋಗಲಿ” ಎನ್ನುವಾಗ ಮಹಾಂತಪ್ಪನವರ ಕಣ್ಣು ನಿಜವಾಗಿಯೂ ತುಂಬಿತ್ತು. ಕತ್ತರಿ ತೆಗೆದುಕೊಂಡು ರಿಬ್ಬನ್ ಕತ್ತರಿಸಿದೆ.

ನೌಕರಿ ನನಗೆ ಕಲಿಸಿದ್ದನ್ನು ಹೇಳಲೇಬೇಕೆಂದರೆ ಇಷ್ಟು. ಕಲ್ಲು ಹಾಸುವುದು ಕಷ್ಟವಲ್ಲ, ಹಾಸಿದ್ದನ್ನು ಖಾಲಿ ಬಿಡಿಸುವುದು ಕಷ್ಟ. ಖಾಲಿ ಜಾಗ ಕಂಡರೆ ನಮ್ಮವರಿಗೆ ಅಲ್ಲೊಂದು ಒಳ್ಳೆಯದು ಮಾಡಬೇಕೆನಿಸುತ್ತದೆ. ಕೆಟ್ಟದ್ದು ಮಾಡಿದವರಿಗೆ ನೋಟಿಸ್ ಕೊಡಬಹುದು, ಇವರಿಗೆ ಏನು ಕೊಡುವುದು? ನನಗೆ ತಿಳಿಯಲಿಲ್ಲ. ನನ್ನ ನಂತರ ಬಂದವರಿಗೆ ತಿಳಿದೀತು ಎಂಬ ನಂಬಿಕೆಯೂ ಇಲ್ಲ.

ಜನ ಪೇಢೆ ತಿಂದು ಚೆದುರಿದ ಮೇಲೆ ಶಾಂತವ್ವ ನನ್ನ ಬಳಿ ಬಂದರು.

“ಸಾಹೇಬ್ರ, ಅವರು ನಡೀತಿದ್ದ ಗೆರಿ ಎಲ್ಲೈತ್ರಿ?”

“ಬೆಂಚಿನ ಬುಡಕ ಐತ್ರಿ.”

ಅವರು ಬಗ್ಗಿ, ಬೆಂಚಿನ ಕೆಳಗೆ ಕೈ ಚಾಚಿ, ಉಬ್ಬು ಗೆರೆಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಮನೆಗೆ ಹೊರಟರು. ಬೆಂಚು ದಾಟಲು ಜಾಗವಿರಲಿಲ್ಲ. ಹಿಂದಿನಿಂದ ಟೆಂಪೋ ಒಂದು ಹಾರ್ನ್ ಹೊಡೆಯುತ್ತಿದ್ದಂತೆ ರಸ್ತೆಗೆ ಇಳಿದು ನಡೆದರು.